ರೋಮನ್ ಬೆಳ್ಳಿ ನಾಣ್ಯದ ಚಿತ್ರಗಳನ್ನು ನೋಡಿದವರು ಯಾರು?

ಮೊದಲ ಶತಮಾನದ ನಡುಭಾಗದ ಮಾತು. ಕೆಂಪು ಸಮುದ್ರದ ಸುಂಕದ ಗುತ್ತಿಗೆ ಹಿಡಿದಿದ್ದ ಆನಿಯಸ್ ಪ್ಲೊಕಾಮಸ್ ಎಂಬ ರೋಮನ್ನನ ಕಡೆಯ ಆಳೊಬ್ಬ ಅರಬಸ್ಥಾನದ ಕರಾವಳಿಯಲ್ಲಿ ಹೋಗುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ, ಹದಿನೈದನೆಯ ದಿನ ಸಿಂಹಳದ್ವೀಪದ ಬಂದರೊಂದಕ್ಕೆ ಬಂದು ಬಿದ್ದನಂತೆ. ಆರು ತಿಂಗಳು ಅಲ್ಲಿನ ರಾಜನ ಅತಿಥಿಯಾಗಿದ್ದು ಅಲ್ಲಿನ ಮಾತು ಕಲಿತ. ಅವನ ಗಂಟಿನಲ್ಲಿದ್ದ ಬೆಳ್ಳಿ ದಿನಾರಿಯಸ್‌ಗಳನ್ನು ಕಂಡು ರಾಜನಿಗೆ ಬೆರಗಾಯಿತು. ನಾಣ್ಯಗಳ ಮೇಲಿನ ಮುಖಗಳು ಬೇರೆ ಬೇರೆ. ಅಂದರೆ ಹೊಡೆಸಿದ ದೊರೆಗಳೂ ಬೇರೆ ಬೇರೆ. ತೂಗಿ ನೋಡಿದರೆ ಎಲ್ಲವೂ ಒಂದೇ ತೂಕ. ಇಂಥವರು ನಂಬಿಗಸ್ತರೇ ಇರಬೇಕೆಂದು ರಾಜ ರೋಮಿಗೆ ರಾಯಭಾರಿಗಳನ್ನು ಕಳಿಸಿದ. ರೋಮನ್ ಲೇಖಕ ಪ್ಲಿನಿ ಬರೆದಿಟ್ಟ ಕಥೆ ಇದು.

ಪ್ಲಿನಿಗೆ ತನ್ನವರನ್ನು ಹೊಗಳಿಕೊಳ್ಳುವ ಚಪಲ ಇತ್ತು, ಆದ್ದರಿಂದ ಎಷ್ಟು ಬಣ್ಣ ಹಚ್ಚಿದ್ದಾನೋ ತಿಳಿಯದು. ನನಗೆ ಈ ಕಥೆ ಹಿಡಿಸುವುದು ಬೇರೆ ಕಾರಣಕ್ಕೆ. ನಾಣ್ಯದ ಚಿತ್ರವನ್ನು ಕಣ್ಣಿಟ್ಟು ನೋಡಿದ ಒಬ್ಬ ಮನುಷ್ಯ ಇಲ್ಲಿದ್ದಾನೆ. ಆದರೆ ಚಿತ್ರ ಕೆತ್ತಿಸಿದವರು ಹೇಳಬಯಸಿದ ಒಂದು ಮಾತನ್ನೂ ಅವನು ಅದರಲ್ಲಿ ಓದಲಿಲ್ಲ. ಸುಮಾರು ನಾಲ್ಕೂವರೆ ಶತಮಾನ ರೋಮನ್ನರು ಈ ಪುಟ್ಟ ಬೆಳ್ಳಿಯ ಬಿಲ್ಲೆಗಳ ಮೇಲೆ ದೇವತೆ, ತೋಳ, ಆನೆ, ಕಠಾರಿ, ಧೂಮಕೇತು, ಮೊಸಳೆಗಳನ್ನು ಒತ್ತಿದರು. ಯಾರಿಗಾಗಿ ಒತ್ತಿದರು? ಸಂತೆಯಲ್ಲಿ ಅದನ್ನು ಕೈ ಬದಲಿಸಿದವರು ಅದನ್ನು ನೋಡಿದರೇ? ನಾಣ್ಯಶಾಸ್ತ್ರದಲ್ಲಿ ಬಹುಕಾಲದಿಂದ ಬಗೆಹರಿಯದೆ ಉಳಿದ ಜಗಳ ಇದು.

ಹೆಸರಿನಲ್ಲಿ ಉಳಿದ ಚಿತ್ರ

ದಿನಾರಿಯಸ್ ಹುಟ್ಟಿದ್ದು ಯುದ್ಧದ ನಡುವೆ, ಕಾರ್ತೇಜಿನ ದಂಡನಾಯಕ ಹ್ಯಾನಿಬಲ್ ಇಟಲಿಯೊಳಗೇ ಬೀಡುಬಿಟ್ಟಿದ್ದಾಗ, ಕ್ರಿ.ಪೂ. 211ರ ಸುಮಾರಿಗೆ. ಪ್ಲಿನಿ ಐವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಕಾಲ ಹೇಳಿದ್ದ. ಸಿಸಿಲಿಯ ಮೊರ್ಗಾಂಟಿನಾದಲ್ಲಿ, ಊರು ಹಾಳಾದ ಆ ಯುದ್ಧಕಾಲದ ಪದರದಲ್ಲಿ, ಈ ವರ್ಗದ ಮೊದಮೊದಲ ನಾಣ್ಯಗಳು ಸಿಕ್ಕ ಮೇಲೆ ಪ್ಲಿನಿಯ ಲೆಕ್ಕ ಬಿದ್ದುಹೋಯಿತು. ಮೊದಲು ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತಿದ್ದ ನಾಣ್ಯ ಬೇಗನೆ 3.9 ಗ್ರಾಂ ಆಸುಪಾಸಿಗೆ ಇಳಿದು ಅಲ್ಲಿ ನಿಂತಿತು. ನಮ್ಮ ಐವತ್ತು ಪೈಸೆಯ ಕೊನೆಯ ಸಣ್ಣ ಉಕ್ಕಿನ ನಾಣ್ಯದಷ್ಟಗಲ. ಆ ಅಗಲದೊಳಗೆ ಮುಂಬದಿಯಲ್ಲಿ ಶಿರಸ್ತ್ರಾಣ ತೊಟ್ಟ ರೋಮಾ ದೇವಿಯ ತಲೆ, ಅದರ ಹಿಂದೆ ಹತ್ತರ ಗುರುತು, ಏಕೆಂದರೆ ಹತ್ತು ತಾಮ್ರದ ‘ಆಸ್’ಗಳಿಗೆ ಇದು ಸಮ. ಹಿಂಬದಿಯಲ್ಲಿ ಭರ್ಜಿ ಹಿಡಿದು ಕುದುರೆ ಓಡಿಸುವ ಅವಳಿಗಳಾದ ಕ್ಯಾಸ್ಟರ್ ಮತ್ತು ಪೊಲಕ್ಸ್, ತಲೆಯ ಮೇಲೆ ಒಂದೊಂದು ನಕ್ಷತ್ರ. ನಮ್ಮ ಅಶ್ವಿನೀ ದೇವತೆಗಳಿಗೆ ದೂರದ ದಾಯಾದಿಗಳೆನ್ನಬಹುದಾದ ಇವರು ರೆಜಿಲಸ್ ಕೊಳದ ಬಳಿಯ ಕಾಳಗದಲ್ಲಿ ರೋಮನ್ನರ ಪರ ಕಾದಿದರೆಂದು ಐತಿಹ್ಯ. ಸೋಲಿನ ಅಂಚಿನಲ್ಲಿದ್ದ ಊರು ತನ್ನ ಹೊಸ ಹಣದ ಮೇಲೆ ಇವರನ್ನೇ ಆರಿಸಿಕೊಂಡದ್ದು ಕಾಕತಾಳೀಯ ಇರಲಾರದು.

ಎರಡು ಕುದುರೆಯ ರಥವಿದ್ದ ನಾಣ್ಯಕ್ಕೆ ಜನ ‘ಬಿಗಾಟಸ್’ ಎಂದರು, ನಾಲ್ಕು ಕುದುರೆಯದಕ್ಕೆ ‘ಕ್ವಾಡ್ರಿಗಾಟಸ್’, ವಿಜಯದೇವತೆಯದಕ್ಕೆ ‘ವಿಕ್ಟೋರಿಯಾಟಸ್’. ಚಿತ್ರದಿಂದಲೇ ಹೆಸರು, ನಮ್ಮಲ್ಲಿ ಹಂದಿಯ ಮುದ್ರೆಯಿಂದ ‘ವರಾಹ’ ಬಂದಂತೆ. ವರಾಹಕ್ಕೆ ಆದದ್ದೇ ಅವಕ್ಕೂ ಆಯಿತು: ಚಿತ್ರ ಹೋಯಿತು, ಹೆಸರು ಉಳಿಯಿತು. ರೋಮಿನ ಮಕ್ಕಳು ಕಾಸು ಚಿಮ್ಮುವಾಗ ‘ತಲೆಯೋ ಹಡಗೋ’ ಎಂದು ಕೂಗುತ್ತಿದ್ದರು. ಹಡಗಿನ ಮೂತಿಯ ಹಳೆಯ ತಾಮ್ರದ ನಾಣ್ಯ ಮರೆಯಾಗಿ ಎಷ್ಟೋ ಕಾಲವಾದ ಮೇಲೂ ಅದೇ ಕೂಗು ಇತ್ತೆಂದು ಮ್ಯಾಕ್ರೋಬಿಯಸ್ ದಾಖಲಿಸಿದ್ದಾನೆ. ಗಡಿಯಾಚೆಯ ಜರ್ಮನರು ಅಂಚು ಕಚ್ಚುಕಚ್ಚಾಗಿರುವ ಮತ್ತು ರಥದ ಚಿತ್ರವಿರುವ ಹಳೆಯ ಬೆಳ್ಳಿಯನ್ನೇ ಕೇಳಿ ಪಡೆಯುತ್ತಿದ್ದರೆಂದು ಟ್ಯಾಸಿಟಸ್ ಹೇಳುತ್ತಾನೆ. ಅಂತೂ ಚಿತ್ರ ಕಣ್ಣಿಗೆ ಬೀಳುತ್ತಿತ್ತು. ಮನಸ್ಸಿಗೆ ಇಳಿಯುತ್ತಿತ್ತೇ ಎಂಬುದು ಬೇರೆಯೇ ಪ್ರಶ್ನೆ.

ಮನೆತನದ ಪಟಗಳು, ಎರಡು ಕಠಾರಿಗಳು

ಗಣರಾಜ್ಯದಲ್ಲಿ ನಾಣ್ಯ ಹೊಡೆಸುವ ಹೊಣೆ ಮೂವರು ಕಿರಿಯ ಅಧಿಕಾರಿಗಳದು. ರಾಜಕೀಯದ ಮೊದಲ ಮೆಟ್ಟಿಲಲ್ಲಿದ್ದ ಹುಡುಗರು ಎನ್ನಬೇಕು. ಕ್ಯಾಪಿಟೋಲಿನ್ ಬೆಟ್ಟದ ಜೂನೋ ಮೊನೇಟಾ ಗುಡಿಯ ಪಕ್ಕದಲ್ಲಿ ಅವರ ಟಂಕಸಾಲೆ. ಇಂಗ್ಲಿಷಿನ ‘ಮನಿ’, ‘ಮಿಂಟ್’ ಎರಡೂ ಆ ದೇವಿಯ ಹೆಸರಿನಿಂದ ಬಂದವು. ಟೈಟಸ್ ಕ್ಯಾರಿಸಿಯಸ್ ಎಂಬವನು ಕ್ರಿ.ಪೂ. 46ರಲ್ಲಿ ಹೊರಡಿಸಿದ ದಿನಾರಿಯಸ್ಸಿನ ಒಂದು ಬದಿಯಲ್ಲಿ ಮೊನೇಟಾ, ಇನ್ನೊಂದು ಬದಿಯಲ್ಲಿ ಅಡಿಗಲ್ಲು, ಅಚ್ಚು, ಇಕ್ಕಳ, ಸುತ್ತಿಗೆ. ಕೆಲಸಗಾರರ ಮುಖವಿಲ್ಲ, ಉಪಕರಣಗಳಷ್ಟೇ. ಕೆಳಗಿನ ಅಚ್ಚನ್ನು ಅಡಿಗಲ್ಲಿಗೆ ಹೂಳಿ, ಅದರ ಮೇಲೆ ಬೆಳ್ಳಿಯ ಬಿಲ್ಲೆ ಇಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಒಂದು ಏಟು. ಏಟನ್ನು ನೇರವಾಗಿ ತಿನ್ನುವ ಮೇಲಿನ ಅಚ್ಚು ಬೇಗ ಸವೆಯುತ್ತಿತ್ತು, ಬೇಗ ಬದಲಾಗುತ್ತಿತ್ತು. ಹಿಂಬದಿಯ ಚಿತ್ರಗಳಲ್ಲಿ ಅಷ್ಟು ವೈವಿಧ್ಯ ಇರುವುದಕ್ಕೆ ಇದೂ ಒಂದು ಕಾರಣ ಆಗಿರಬಹುದು.

ಕ್ರಿ.ಪೂ. 130ರ ದಶಕದಿಂದ ಈ ಹುಡುಗರು ತಮ್ಮ ಮನೆತನದ ಕಥೆಗಳನ್ನು ಒತ್ತತೊಡಗಿದರು. ಸೆಕ್ಸ್ಟಸ್ ಪೊಂಪೇಯಸ್ 137ರಲ್ಲಿ ತೋಳದ ಮೊಲೆಹಾಲು ಕುಡಿಯುವ ರೋಮುಲಸ್ ಮತ್ತು ರೀಮಸ್‌ರ ಚಿತ್ರ ಹಾಕಿ, ಪಕ್ಕದಲ್ಲಿ ದನಗಾಹಿ ಫಾಸ್ಟುಲಸ್‌ನನ್ನು ನಿಲ್ಲಿಸಿದ; ತನ್ನ ಹೆಸರಿಗೂ ‘ಫೋಸ್ಟ್ಲಸ್’ ಎಂದು ಸೇರಿಸಿಕೊಂಡ. ಮತ ಕೇಳುವವನ ಗೋಡೆಬರಹದ ಹಾಗೆ ಎಂದು ಬಹುಕಾಲ ವಿವರಿಸುತ್ತಿದ್ದರು. ಆಂಡ್ರ್ಯೂ ಮೆಡೋಸ್ ಮತ್ತು ಜೊನಾಥನ್ ವಿಲಿಯಮ್ಸ್ 2001ರಲ್ಲಿ ಬೇರೆ ದಾರಿ ತೋರಿಸಿದರು. ಮೊನೇಟಾ ಎಂದರೆ ನೆನಪಿಸುವವಳು. ಅವಳ ನೆರಳಿನಲ್ಲಿ ಹೊರಟ ನಾಣ್ಯ ಚುನಾವಣೆಯ ಚೀಟಿಗಿಂತ ಹೆಚ್ಚಾಗಿ ಒಂದು ಸ್ಮಾರಕ, ಕೈಯಿಂದ ಕೈಗೆ ಸಾಗುವ ಶಾಸನ. ನನಗೆ ಈ ವಾದ ಹೆಚ್ಚು ಒಪ್ಪಿತ. ಹೆಸರು ಮಾಡದ ಹುಡುಗ ಅಜ್ಜನ ಸ್ಮಾರಕದ ಕಂಬವನ್ನು ಬೆಳ್ಳಿಯಲ್ಲಿ ನಿಲ್ಲಿಸುವುದರಲ್ಲಿ ಮತದ ಲೆಕ್ಕಕ್ಕಿಂತ ಬೇರೆ ಏನೋ ಇದೆ.

ಎದುರಾಳಿಗಳೂ ಇದೇ ಭಾಷೆ ಬಳಸಿದರು. ಕ್ರಿ.ಪೂ. 91ರಲ್ಲಿ ರೋಮಿನ ಮೇಲೆ ತಿರುಗಿಬಿದ್ದ ಇಟಲಿಯ ಮಿತ್ರರು ತಮ್ಮದೇ ದಿನಾರಿಯಸ್ ಹೊಡೆಸಿದಾಗ ಹಿಂಬದಿಯಲ್ಲಿ ಹಾಕಿದ್ದು ತೋಳವನ್ನು ಕೊಂಬಿನಿಂದ ತಿವಿಯುವ ಗೂಳಿ. ಗೂಳಿ ಇಟಲಿ, ತೋಳ ಯಾರೆಂದು ಹೇಳಬೇಕಿಲ್ಲ.

ಕ್ರಿ.ಪೂ. 44ರ ಮೊದಲ ತಿಂಗಳುಗಳಲ್ಲಿ ಜೂಲಿಯಸ್ ಸೀಸರ್‌ನ ಮುಖ ದಿನಾರಿಯಸ್ಸಿನ ಮೇಲೆ ಬಂತು. ರೋಮಿನ ಟಂಕಸಾಲೆಯಲ್ಲಿ ಬದುಕಿರುವ ರೋಮನ್ನನ ಮುಖ ಬಿದ್ದದ್ದು ಅದೇ ಮೊದಲು. ಅವನನ್ನು ಇರಿದ ಬ್ರೂಟಸ್ ಮುಂದೆ ಪೂರ್ವದಲ್ಲಿ ದಂಡು ಕಟ್ಟುತ್ತ ಹೊರಡಿಸಿದ ನಾಣ್ಯ ಈ ಇಡೀ ಕಥೆಯಲ್ಲಿ ಹೆಚ್ಚು ಹೆಸರಾದದ್ದು. ಹಿಂಬದಿಯ ನಡುವೆ ಬಿಡುಗಡೆಯಾದ ಆಳು ತೊಡುವ ಉಣ್ಣೆಯ ಟೋಪಿ, ಅದರ ಎರಡೂ ಕಡೆ ತುದಿ ಕೆಳಗಾದ ಕಠಾರಿ, ಅಡಿಯಲ್ಲಿ ಮಾರ್ಚ್ 15ನ್ನು ಸೂಚಿಸುವ ‘ಈಡ್ ಮಾರ್’ ಎಂಬ ಆರು ಅಕ್ಷರ. ಹತ್ತಿರ ಹಿಡಿದು ನೋಡಿದರೆ ಎರಡು ಕಠಾರಿಗಳ ಹಿಡಿಗಳು ಒಂದೇ ತರಹ ಇಲ್ಲ. ಒಂದು ಬ್ರೂಟಸ್‌ನದು, ಇನ್ನೊಂದು ಸಂಚಿನಲ್ಲಿ ಅವನ ಜೊತೆಗಿದ್ದ ಕ್ಯಾಸಿಯಸ್‌ನದು ಎನ್ನುತ್ತಾರೆ. ನಾಣ್ಯ ತಿರುಗಿಸಿದರೆ ಮುಂಬದಿಯಲ್ಲಿ ಬ್ರೂಟಸ್‌ನ ಸ್ವಂತ ತಲೆ! ಯಾವುದಕ್ಕಾಗಿ ಸೀಸರ್‌ನನ್ನು ಕೊಂದರೋ ಅದನ್ನೇ ಮೂರು ವರ್ಷದೊಳಗೆ ತಾನೂ ಮಾಡಿದ. ಈ ಚಿತ್ರವನ್ನು ಯಾರಾದರೂ ಗಮನಿಸಿದರೇ ಎಂಬ ಸಂಶಯಕ್ಕೆ ಇಲ್ಲಿ ಎಡೆಯಿಲ್ಲ: ಇನ್ನೂರೈವತ್ತು ವರ್ಷದ ನಂತರ ಬರೆದ ಕ್ಯಾಸಿಯಸ್ ಡಿಯೋ ಟೋಪಿ ಮತ್ತು ಕಠಾರಿ ಎರಡನ್ನೂ ವಿವರಿಸಿ ಅರ್ಥ ಹೇಳುತ್ತಾನೆ. ಆದರೆ ಇಂಥ ಸಾಕ್ಷಿಗಳನ್ನು ಬೆರಳಲ್ಲೆಣಿಸಬಹುದು. ಜಗಳ ಶುರುವಾಗುವುದೇ ಅಲ್ಲಿಂದ.

ಪದಕವೋ ಹಣವೋ

ಮೊದಲ ಸುತ್ತಿನ ಜಗಳ ಹದಿನಾರನೆಯ ಶತಮಾನದ ವೆನಿಸ್ಸಿನಲ್ಲಿ ನಡೆಯಿತು. ಅದಕ್ಕೂ ಮುಂಚೆ, 1354ರಲ್ಲಿ, ಪೆಟ್ರಾರ್ಕ್ ದೊರೆ ನಾಲ್ಕನೆಯ ಚಾರ್ಲ್ಸ್‌ಗೆ ಹಳೆಯ ಚಕ್ರವರ್ತಿಗಳ ಚಿನ್ನ, ಬೆಳ್ಳಿ ನಾಣ್ಯಗಳನ್ನು ಕಾಣಿಕೆ ಕೊಟ್ಟು, ಈ ಮುಖಗಳನ್ನು ನೋಡಿ ಇವರಂತೆ ಬಾಳು ಎಂದಿದ್ದ. ಸೆಬಾಸ್ಟಿಯಾನೊ ಎರಿಟ್ಸೊ ಎಂಬ ವಿದ್ವಾಂಸ 1559ರಲ್ಲಿ, ಇಷ್ಟು ಸೊಗಸಾದ ಕೆತ್ತನೆ ಇರುವಂಥದು ಬರೀ ಸಂತೆಯ ಹಣವಾಗಿರಲು ಸಾಧ್ಯವಿಲ್ಲ, ಇವು ಗೌರವಕ್ಕೆ ಹಂಚಿದ ಪದಕಗಳು ಎಂದ. ಎನಿಯಾ ವೀಕೊ ಒಪ್ಪಲಿಲ್ಲ: ಇವು ಹಣವೇ. ಗೆದ್ದದ್ದು ವೀಕೊ. ಆದರೆ ಎರಿಟ್ಸೊನ ಒಳಗಿದ್ದ ಪ್ರಶ್ನೆ ಸಾಯಲಿಲ್ಲ. ಹಣವೇ ಆಗಿದ್ದರೆ ಇಷ್ಟು ಚಿತ್ರ ಏಕೆ? ಮುಂದೆ ಯೋಸೆಫ್ ಎಕೆಲ್ 1792ರಿಂದ ಎಂಟು ಸಂಪುಟಗಳಲ್ಲಿ ಇಡೀ ಪ್ರಾಚೀನ ನಾಣ್ಯಲೋಕವನ್ನು ಅಡುಕಿಟ್ಟ. ಮಾಮ್‌ಸೆನ್ ತೂಕ, ಲೋಹ, ಆಡಳಿತದ ಕಡೆ ಗಮನ ತಿರುಗಿಸಿದ. ಚಿತ್ರದ ಪ್ರಶ್ನೆ ಕೊಂಚ ಕಾಲ ಮೂಲೆಗೆ ಬಿತ್ತು.

ಪ್ರಚಾರ ಪಕ್ಷ, ಅಂಚೆಚೀಟಿ ಪಕ್ಷ

ಅದು ಮರಳಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ರೇಡಿಯೊ ಮತ್ತು ಪೋಸ್ಟರುಗಳ ಕಾಲದಲ್ಲಿ. ಹೆರಾಲ್ಡ್ ಮ್ಯಾಟಿಂಗ್ಲಿ 1923ರಿಂದ ಬ್ರಿಟಿಷ್ ಮ್ಯೂಸಿಯಮ್ಮಿನ ಸಾಮ್ರಾಜ್ಯಕಾಲದ ನಾಣ್ಯಸೂಚಿಗಳನ್ನು ಹೊರತರುತ್ತ, ನಾಣ್ಯದ ಹಿಂಬದಿಯನ್ನು ಸರ್ಕಾರದ ವಾರ್ತಾಪತ್ರದಂತೆ ಓದಿದ. ಈ ಓದಿಗೆ ಮೊದಲ ಚಕ್ರವರ್ತಿ ಆಗಸ್ಟಸ್ ಹೇಳಿ ಮಾಡಿಸಿದವನು. ಈಜಿಪ್ಟ್ ವಶವಾದಾಗ ಮೊಸಳೆ. ದೈವತ್ವಕ್ಕೇರಿದ ಸೀಸರ್‌ನಿಗೆ ಧೂಮಕೇತು. ಕ್ರಿ.ಪೂ. 20ರಲ್ಲಿ ಪಾರ್ಥಿಯನ್ನರು ಹಿಂದೆ ಕಿತ್ತುಕೊಂಡಿದ್ದ ಸೇನಾಧ್ವಜಗಳನ್ನು ಮಾತುಕತೆಯ ಮೇಲೆ ಹಿಂದಿರುಗಿಸಿದರು. ಒಂದು ಬಾಣವೂ ಹಾರಲಿಲ್ಲ. ದಿನಾರಿಯಸ್ಸಿನ ಮೇಲೆ ಮಾತ್ರ ಪಾರ್ಥಿಯನ್ ಮೊಣಕಾಲೂರಿ ಧ್ವಜ ಒಪ್ಪಿಸುತ್ತಿದ್ದಾನೆ. ಇದನ್ನು ಪ್ರಚಾರ ಎನ್ನದೆ ಏನೆನ್ನೋಣ?

ಎ.ಎಚ್.ಎಂ. ಜೋನ್ಸ್ 1956ರಲ್ಲಿ ತಣ್ಣೀರೆರಚಿದ. ಸ್ವಾರಸ್ಯವೆಂದರೆ ಅದು ಮ್ಯಾಟಿಂಗ್ಲಿಯ ಗೌರವಾರ್ಥ ಹೊರಬಂದ ಸಂಪುಟದಲ್ಲೇ. ನಾಣ್ಯದ ಚಿತ್ರಗಳಿಗೆ ಇಂದಿನ ಅಂಚೆಚೀಟಿಯ ಚಿತ್ರಗಳಿಗಿಂತ ಹೆಚ್ಚು ಬೆಲೆ ಕಟ್ಟಬೇಡಿ ಎಂಬುದು ಅವನ ವಾದದ ತಿರುಳು. ಹೆಚ್ಚಿನ ಪ್ರಜೆಗಳಿಗೆ ಅಕ್ಷರ ಬಾರದು, ಪೂರ್ವದ ಅರ್ಧ ಸಾಮ್ರಾಜ್ಯಕ್ಕೆ ಲ್ಯಾಟಿನ್ನೇ ಬಾರದು. ಸದರ್‌ಲ್ಯಾಂಡ್ 1959ರಲ್ಲಿ ಉತ್ತರ ಕೊಟ್ಟ: ಯಾರೂ ನೋಡದಿದ್ದರೆ ನೂರಾರು ವರ್ಷ ಇಷ್ಟು ಕಷ್ಟಪಟ್ಟು ಚಿತ್ರ ಬದಲಿಸಿದ್ದೇಕೆ? ಮೈಕೆಲ್ ಕ್ರಾಫರ್ಡ್ 1983ರಲ್ಲಿ ಮತ್ತೆ ಜೋನ್ಸ್‌ನ ಕಡೆ ವಾಲಿ ಪ್ರಾಚೀನ ಬರಹಗಳನ್ನು ಜಾಲಾಡಿದ. ಜನ ನಾಣ್ಯದಲ್ಲಿ ಗಮನಿಸುತ್ತಿದ್ದುದು ಬಹುಪಾಲು ಮುಂಬದಿಯ ತಲೆಯನ್ನೇ. ಕಂದಾಯ ಕೊಡಬೇಕೇ ಎಂದು ಕೇಳಿದವರಿಗೆ ಯೇಸು ದಿನಾರಿಯಸ್ ತರಿಸಿ ಕೇಳಿದ್ದು ಅದರ ಮುಖ, ಬರಹ ಯಾರದೆಂದು. ತತ್ವಜ್ಞಾನಿ ಎಪಿಕ್ಟೀಟಸ್‌ಗೆ ಟ್ರೇಜನ್‌ನ ಮುದ್ರೆಯ ನಾಣ್ಯ ಸಲ್ಲುವಂಥದು, ನೀರೋವಿನದು ಎಸೆಯುವಂಥದು. ಹಿಂಬದಿಯ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ.

ಈ ಎರಡು ಪಕ್ಷಗಳೂ ಒಂದು ವಿಷಯವನ್ನು ಕೇಳದೆ ಒಪ್ಪಿಕೊಂಡಿದ್ದವು: ಚಿತ್ರ ಮೇಲಿಂದ ಕೆಳಗೆ, ಅರಸನಿಂದ ಪ್ರಜೆಗೆ ಹೋಗುತ್ತದೆ. ಬಾರ್ಬರಾ ಲೆವಿಕ್ 1982ರಲ್ಲಿ ಅದನ್ನೇ ತಲೆಕೆಳಗು ಮಾಡಿದಳು. ಟಂಕಸಾಲೆಯ ಅಧಿಕಾರಿ ಮೆಚ್ಚಿಸಬೇಕಾದದ್ದು ಸಂತೆಯವರನ್ನಲ್ಲ, ತನ್ನ ಒಡೆಯನನ್ನು. ಹಾಗಾಗಿ ‘ಚಕ್ರವರ್ತಿಯ ಔದಾರ್ಯ’, ‘ಚಕ್ರವರ್ತಿಯ ಧರ್ಮನಿಷ್ಠೆ’ ಎಂಬ ದೇವತೆಗಳನ್ನು ಓದಬೇಕಾದ ಮೊದಲ ಓದುಗ ಚಕ್ರವರ್ತಿಯೇ. ಮುಖಸ್ತುತಿಯನ್ನು ಬಲ್ಲ ನಮಗೆ ಇದು ಒಡನೆ ಅರ್ಥವಾಗುತ್ತದೆ. ಮಂತ್ರಿಯ ಹುಟ್ಟುಹಬ್ಬದ ಫ್ಲೆಕ್ಸನ್ನು ಊರವರಿಗಾಗಿ ಕಟ್ಟಿದ್ದೆಂದು ಯಾರೂ ತಿಳಿಯುವುದಿಲ್ಲ. ಆಂಡ್ರ್ಯೂ ವ್ಯಾಲೆಸ್-ಹ್ಯಾಡ್ರಿಲ್ 1986ರಲ್ಲಿ ಇನ್ನೊಂದು ಎಳೆ ಸೇರಿಸಿದ. ಮುಂಬದಿ ಅಧಿಕಾರ, ಹಿಂಬದಿ ಚಿತ್ರ. ಆಗಸ್ಟಸ್‌ನ ಕಾಲದಲ್ಲಿ ಎರಡೂ ಒಂದೇ ಮನುಷ್ಯನ ಸುತ್ತ ಹೆಣೆದುಕೊಂಡವು. ಬೆಳ್ಳಿ ಸಲ್ಲಬೇಕಾದರೆ ಅದರ ಮೇಲಿನ ಮುಖದಲ್ಲಿ ನಂಬಿಕೆ ಬೇಕು, ಆ ನಂಬಿಕೆಯನ್ನು ಉಳಿಸುವುದು ಚಿತ್ರದ ಕೆಲಸ. ಇದೇ ಸುಮಾರಿಗೆ ಪೌಲ್ ಸಾಂಕರ್ ನಾಣ್ಯವನ್ನು ಪ್ರತ್ಯೇಕವಾಗಿ ನೋಡದೆ ಗುಡಿ, ಪ್ರತಿಮೆ, ಮನೆಯ ದೀಪಗಳ ಜೊತೆ ಇಟ್ಟು ನೋಡಿದ.

ನಂಬಿಕೆಯ ಮಾತು ಬಂದದ್ದರಿಂದ ಹೇಳಬೇಕು. ನೀರೋ ಕ್ರಿ.ಶ. 64ರಲ್ಲಿ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಸೆಪ್ಟಿಮಿಯಸ್ ಸೆವೆರಸ್‌ನ ಹೊತ್ತಿಗೆ ದಿನಾರಿಯಸ್ಸಿನಲ್ಲಿ ಅರ್ಧದಷ್ಟೇ ಬೆಳ್ಳಿ. ಕ್ಯಾರಕಲ್ಲಾ 215ರಲ್ಲಿ ಸೂರ್ಯಕಿರಣದ ಕಿರೀಟ ತೊಟ್ಟ ತಲೆಯಿರುವ ದೊಡ್ಡ ನಾಣ್ಯ ತಂದ. ಅದರ ಬೆಲೆ ಎರಡು ದಿನಾರಿಯಸ್ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ, ತೂಕ ಒಂದೂವರೆಯಷ್ಟು. 260ರ ದಶಕದ ಗ್ಯಾಲಿಯೆನಸ್‌ನ ಕಾಲಕ್ಕೆ ಅದು ಬೆಳ್ಳಿಯ ನೀರು ಕುಡಿದ ತಾಮ್ರ. ಇಷ್ಟೆಲ್ಲ ಆಗುತ್ತಿದ್ದಾಗ ಹಿಂಬದಿಯಲ್ಲಿ ಸಮೃದ್ಧಿ, ಸಂತೋಷ, ಸೈನಿಕರ ನಿಷ್ಠೆ ಇವುಗಳ ದೇವತೆಗಳು ಎಡೆಬಿಡದೆ ಬರುತ್ತಿದ್ದರು. ಬೆಳ್ಳಿ ಕಮ್ಮಿಯಾದಷ್ಟೂ ದೇವಿಯರ ಭರವಸೆ ಜಾಸ್ತಿ. ವ್ಯಾಲೆಸ್-ಹ್ಯಾಡ್ರಿಲ್‌ನ ವಾದಕ್ಕೆ ಇದು ಬಲವೋ ಅಣಕವೋ, ಹೇಳುವುದು ಕಷ್ಟ.

ನಿಧಿಗಳನ್ನು ಎಣಿಸಿದವರು

ಒಂದೊಂದು ಸುಂದರ ನಾಣ್ಯ ಹಿಡಿದು ವಾದಿಸುವುದರ ತೊಡಕೆಂದರೆ ಸುಂದರವಾದದ್ದು ಅಪರೂಪದ್ದೂ ಆಗಿರಬಹುದು. ಬ್ರೂಟಸ್‌ನ ಕಠಾರಿ ನಾಣ್ಯ ಬೆಳ್ಳಿಯಲ್ಲಿ ಇಂದು ನೂರರಷ್ಟು ಉಳಿದಿದೆ. ಅವನ ಕಾಲದಲ್ಲೂ ಎಷ್ಟು ಜನ ಕಂಡಿದ್ದರೋ! ಹಾಗಾಗಿ ಇತ್ತೀಚಿನವರು ನೆಲದಲ್ಲಿ ಹೂತ ನಿಧಿಗಳನ್ನು ಎಣಿಸಿ, ಯಾವ ಚಿತ್ರ ನಿಜಕ್ಕೂ ಜನರ ಕೈಗೆ ಬಂತು ಎಂದು ಲೆಕ್ಕ ಹಾಕಿದರು. ಬಲ್ಗೇರಿಯದ ರೆಕಾ ದೆವ್ನ್ಯಾದಲ್ಲಿ 1929ರಲ್ಲಿ ಸಿಕ್ಕ ಒಂದೇ ನಿಧಿಯಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳಿದ್ದವು. ಕಾರ್ಲೋಸ್ ನೊರೆನ್ಯಾ 2001ರಲ್ಲಿ ಇಂಥ ನಿಧಿಗಳಿಂದ ಚಕ್ರವರ್ತಿಗಳ ‘ಸದ್ಗುಣ’ಗಳ ಏರಿಳಿತ ಗುರುತಿಸಿದ, ಕ್ಲೇರ್ ರೋವನ್ ಸೆವೆರಸ್ ವಂಶದ ದೇವರುಗಳನ್ನು ಹಾಗೆಯೇ ಎಣಿಸಿದಳು. ಎಣಿಕೆಯಿಂದ ತಿಳಿಯುವುದು ಹಂಚಿಕೆ ಮಾತ್ರ. ಎಷ್ಟು ಕೈಗಳಿಗೆ ತಲುಪಿತು ಎನ್ನುತ್ತದೆ, ಎಷ್ಟು ಕಣ್ಣುಗಳಿಗೆ ಎನ್ನುವುದಿಲ್ಲ.

ಯಶವಂತಪುರದ ಬೆಳ್ಳಿ

ಈ ಜಗಳದಲ್ಲಿ ದಕ್ಷಿಣ ಭಾರತದ ಸಾಕ್ಷಿಯನ್ನು ಯುರೋಪಿನವರು ಹೆಚ್ಚಾಗಿ ವ್ಯಾಪಾರದ ಅಧ್ಯಾಯಕ್ಕೆ ತಳ್ಳಿಬಿಡುತ್ತಾರೆ. ಅದು ತಪ್ಪೆಂದು ನನ್ನ ಅಭಿಪ್ರಾಯ. ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ 163 ದಿನಾರಿಯಸ್‌ಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಎಂ.ಎಚ್. ಕೃಷ್ಣ 1929ರಲ್ಲೂ ವ್ಹೀಲರ್ 1947ರಲ್ಲೂ ಅಗೆದ ಆ ಕಣಿವೆಯಲ್ಲಿ, ಆಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ದೊರೆತಿದೆ. ದಕ್ಷಿಣದ ಬೆಳ್ಳಿ ನಿಧಿಗಳಲ್ಲಿ ಎರಡು ಚಿತ್ರಗಳದೇ ದರಬಾರು. ಒಂದು, ಆಗಸ್ಟಸ್‌ನ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸ್ ಗುರಾಣಿ, ಭರ್ಜಿ ಹಿಡಿದು ನಿಂತದ್ದು. ಇನ್ನೊಂದು, ಟೈಬೀರಿಯಸ್‌ನ ನಾಣ್ಯದಲ್ಲಿ ಕೊಂಬೆ ಹಿಡಿದು ಪೀಠದಲ್ಲಿ ಕುಳಿತ ಹೆಂಗಸು. ಗೇಯಸ್ ಮತ್ತು ಲೂಸಿಯಸ್ ಇಬ್ಬರೂ ಪಟ್ಟಕ್ಕೇರದೆ ತೀರಿಕೊಂಡರು. ಉತ್ತರಾಧಿಕಾರಿಗಳ ಪ್ರಚಾರವೇ ಗುರಿಯಾಗಿದ್ದರೆ ಸುದ್ದಿ ಹಳಸಿ ಹೋಗಿತ್ತು. ಆದರೂ ಆ ನಾಣ್ಯವೇ ಇಲ್ಲಿಯವರಿಗೆ ಬೇಕಾಯಿತು. ನೋಡಿ ಗುರುತು ಹಿಡಿಯಬಹುದಾದ, ಬೆಳ್ಳಿ ಸಾಚಾ ಎಂದು ಪಳಗಿದ ಚಿತ್ರ ಅದು. ಚಿನಿವಾರನಿಗೆ ಗೇಯಸ್ ಯಾರಾದರೇನು?

ನೀರೋವಿನ ಕಡಿತದ ಮೇಲೆ ಹೊಡೆದ ಬೆಳ್ಳಿ ಇಲ್ಲಿ ಹೆಚ್ಚಾಗಿ ಸಿಗದು. ವ್ಯಾಪಾರಿಗಳು ಒರೆಗೆ ಹಚ್ಚಿ ತಿರಸ್ಕರಿಸಿದರೇ, ಅಥವಾ ಹಳೆಯ ಒಳ್ಳೆಯ ನಾಣ್ಯಗಳನ್ನೇ ಆರಿಸಿ ಎಷ್ಟೋ ಕಾಲ ತಡವಾಗಿ ಸಾಗಿಸಿದರೇ ಎಂಬ ಬಗ್ಗೆ ಪೌಲಾ ಟರ್ನರ್ 1989ರಲ್ಲಿ ಎಲ್ಲ ನಿಧಿಗಳನ್ನು ಪಟ್ಟಿಮಾಡಿದ ಮೇಲೂ ಒಮ್ಮತವಿಲ್ಲ.

ಇನ್ನೂ ವಿಚಿತ್ರವಾದದ್ದು ಉಳಿಯ ಗಾಯ. ಪುದುಕ್ಕೋಟ್ಟೈ ಬಳಿ 1898ರಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುತೇಕ ಎಲ್ಲದರಲ್ಲೂ ಚಕ್ರವರ್ತಿಯ ತಲೆಗೆ ಅಡ್ಡಲಾಗಿ ಒಂದು ಕಚ್ಚು ಹಾಕಿದ್ದಾರೆ. ನಲ್ಗೊಂಡದ ಅಕ್ಕನಪಲ್ಲಿಯ ಬೆಳ್ಳಿ ನಿಧಿಯಲ್ಲೂ ಅಂಥವು ಕೆಲವಿವೆ. ಲೋಹ ಪರೀಕ್ಷೆ ಎಂದರೆ ಅಂಚಿಗೆ ಹೊಡೆದರೂ ಸಾಕಿತ್ತು. ರೋಮಿನಲ್ಲೇ ಚಿನಿವಾರರು ಒಳಗೆ ತಾಮ್ರವಿದೆಯೇ ಎಂದು ನೋಡಲು ಸಣ್ಣ ಸಣ್ಣ ಗುರುತು ಒತ್ತುತ್ತಿದ್ದರು. ಮುಖಕ್ಕೇ ಗುರಿಯಿಟ್ಟವನು ಮುಖವನ್ನು ನೋಡಿದ್ದಾನೆ. ಪರದೇಶದ ರಾಜನ ಅಧಿಕಾರ ಇಲ್ಲಿ ಸಲ್ಲದು ಎಂದು ರದ್ದು ಮಾಡಿದನೇ, ಇನ್ನು ಇದು ಬರೀ ಲೋಹ ಎಂದು ಗುರುತು ಹಾಕಿದನೇ? ಅತ್ತ ‘ದಿನಾರಿಯಸ್’ ಎಂಬ ಹೆಸರು ಮಾತ್ರ ‘ದೀನಾರ’ವಾಗಿ ಸಂಸ್ಕೃತಕ್ಕೆ ಹೊಕ್ಕು ಗುಪ್ತರ ಕಾಲದ ಶಾಸನಗಳಲ್ಲಿ ಕುಳಿತುಬಿಟ್ಟಿತು. ಆಗ ಅದು ಬೆಳ್ಳಿಯೂ ಅಲ್ಲ, ಚಿನ್ನ.

ಇತ್ಯರ್ಥವಾಗದವು

ಚಿತ್ರವನ್ನು ಆರಿಸುತ್ತಿದ್ದವರು ಯಾರು ಎಂಬುದಕ್ಕೆ ಸಾಮ್ರಾಜ್ಯದ ಕಾಲದಲ್ಲಿ ನೇರ ದಾಖಲೆಯಿಲ್ಲ. ಚಕ್ರವರ್ತಿ, ಅವನ ಖಜಾನೆಯ ಮುಖ್ಯಸ್ಥ, ಟಂಕಸಾಲೆಯ ಅಧಿಕಾರಿ, ಮೂವರಿಗೂ ವಕೀಲರಿದ್ದಾರೆ. ಲೆವಿಕ್‌ಳ ವಾದ ನಿಲ್ಲುವುದೂ ಬೀಳುವುದೂ ಇದರ ಮೇಲೆ.

ಬಿಡಿ ಚಿತ್ರಗಳಲ್ಲೂ ಗೊಂದಲ ಇದೆ. ಸೀಸರ್ ಕ್ರಿ.ಪೂ. 49ರಲ್ಲಿ ಹೊರಡಿಸಿದ ದಿನಾರಿಯಸ್ಸಿನಲ್ಲಿ ಆನೆಯೊಂದು ಏನನ್ನೋ ತುಳಿಯುತ್ತಿದೆ. ಹಾವು ಎಂದವರು ಅದನ್ನು ಕೇಡಿನ ಮೇಲಿನ ಗೆಲುವಾಗಿ ಓದಿದರು. ಗಾಲ್ ಜನರ ಮೃಗಮುಖದ ಕಹಳೆ ಎಂದವರು ಗಾಲ್ ದಂಡಯಾತ್ರೆಯಾಗಿ ಓದಿದರು. ಆನೆಗೆ ಪ್ಯೂನಿಕ್ ಭಾಷೆಯಲ್ಲಿ ‘ಸೀಸರ್’ ಧ್ವನಿಯ ಹೆಸರಿತ್ತೆಂಬ ಹಳೆಯ ಕಥೆಯೂ ಇದೆ. ಇನ್ನು ಆಗಸ್ಟಸ್. ತಾನು ಹುಟ್ಟಿದ ಮಕರರಾಶಿಯನ್ನು ಬೆಳ್ಳಿಯ ನಾಣ್ಯದ ಮೇಲೆ ಒತ್ತಿಸಿದನೆಂದು ಸ್ಯೂಟೋನಿಯಸ್ ಹೇಳುತ್ತಾನೆ. ಅವನು ಹುಟ್ಟಿದ್ದು ಸೆಪ್ಟೆಂಬರ್ 23. ಪಾಶ್ಚಾತ್ಯ ಲೆಕ್ಕದಲ್ಲಿ ಅದು ಮಕರ ಆಗದು. ಗರ್ಭ ನಿಂತ ತಿಂಗಳನ್ನು ಹಿಡಿದನೆಂದು ಕೆಲವರು, ಹುಟ್ಟಿದಾಗ ಚಂದ್ರ ಮಕರದಲ್ಲಿದ್ದನೆಂದು ಕೆಲವರು. ರಾಶಿ ಎಂದರೆ ಚಂದ್ರರಾಶಿ ಎಂದೇ ತಿಳಿದ ನಮಗೆ ಎರಡನೆಯದು ಸಹಜವಾಗಿ ಕಾಣುತ್ತದೆ, ಆದರೆ ಸಹಜವಾಗಿ ಕಂಡದ್ದೇ ಸಾಕ್ಷಿಯಲ್ಲ.

ಕಡೆಗೆ ಟೈಬೀರಿಯಸ್‌ನ ಆ ಕುಳಿತ ಹೆಂಗಸು. ಯೇಸು ಕೈಯಲ್ಲಿ ಹಿಡಿಸಿದ ನಾಣ್ಯ ಇದೇ ಎಂದು ಸಂಗ್ರಾಹಕರು ನಂಬುತ್ತಾರೆ, ಆ ಕಾಲದ ಜೂಡಿಯದಲ್ಲಿ ದಿನಾರಿಯಸ್ ಬಳಕೆ ಅಷ್ಟಿತ್ತೇ ಎಂದು ವಿದ್ವಾಂಸರು ಕೇಳುತ್ತಾರೆ. ಅವಳು ಟೈಬೀರಿಯಸ್‌ನ ತಾಯಿ ಲಿವಿಯಾ ಎಂದು ಒಂದು ಮತ, ಶಾಂತಿದೇವತೆ ಪಾಕ್ಸ್ ಎಂದು ಒಂದು ಮತ, ಶಾಂತಿಯ ವೇಷದ ಲಿವಿಯಾ ಎಂದು ಇಬ್ಬರನ್ನೂ ಸಮಾಧಾನಪಡಿಸುವ ಮತ ಮತ್ತೊಂದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆಳಿದ ಟೈಬೀರಿಯಸ್ ತನ್ನ ಬೆಳ್ಳಿಯಲ್ಲಿ ಬೇರೆ ಚಿತ್ರವನ್ನು ಹೆಚ್ಚುಕಡಿಮೆ ಬಳಸಲೇ ಇಲ್ಲ. ಅವಳ ಸುತ್ತ ಬರೆದಿರುವುದು ಅವನ ‘ಮಹಾಪುರೋಹಿತ’ ಎಂಬ ಬಿರುದನ್ನು ಮಾತ್ರ. ಅವಳ ಹೆಸರನ್ನು ಬರೆದಿಲ್ಲ.